ತೂಬು, ಕೋಡಿ ಮತ್ತು ಮಹಜರು: ಫರೀದಾಬಾದಿನ ನೆಲೆಯಿಂದ ಕೊಳಚೆ ಶುದ್ಧೀಕರಣ ಸ್ಥಾವರದ ಪರಿಶೀಲನೆಯನ್ನು ಕುರಿತು

1. ವಿಷಯ ಪ್ರವೇಶ

ನಗರವೊಂದರ ಕೊಳಚೆ ನೀರನ್ನು ಶುದ್ಧಿಗೊಳಿಸಬೇಕಾದ ಸ್ಥಾವರದಿಂದಲೇ ಶುದ್ಧಿಯಾಗದ ನೀರು ನದಿಗೆ ಹರಿದುಹೋದಾಗ, ಅದರ ಬೆನ್ನಿಗೇ 'ಆಕಸ್ಮಿಕ' ಎಂಬ ಮಾತು ಕೇಳಿಬರುತ್ತದೆ. ಪಂಪು ಕೆಟ್ಟಿತು, ವಿದ್ಯುತ್ತು ನಿಂತಿತು, ಮಳೆ ಮಿತಿಮೀರಿತು ಎಂಬ ಕಾರಣಗಳನ್ನೂ ಹೇಳಲಾಗುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಿರ್ಣಯಿಸುವ ಕಾರ್ಯವನ್ನೇ ನಾವು ಇಲ್ಲಿ ಪರಿಶೀಲನೆ ಎಂದು ಕರೆಯುತ್ತೇವೆ. ಈ ಕಾರ್ಯ ಹೇಗೆ ನಡೆಯುತ್ತದೆ, ಅದು ಎಲ್ಲಿ ಸೋಲುತ್ತದೆ, ಸೋತರೆ ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಫರೀದಾಬಾದ್ ನಗರವನ್ನು ನೆಲೆಯಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾಹಿತ್ಯದ ಅಧ್ಯಯನಕ್ಕೆ ಮೀಸಲಾದ ಪೀಠವೊಂದರ ಪತ್ರಿಕೆಯಲ್ಲಿ ಈ ವಿಷಯಕ್ಕೆ ಎಡೆಯುಂಟೇ ಎಂಬ ಸಂಶಯ ಸಹಜ. ಇದಕ್ಕೆ ನಮ್ಮ ಸಮಾಧಾನಗಳು ಎರಡು. ಕರ್ನಾಟಕದ ಹೊರಗೆ, ವಿಶೇಷವಾಗಿ ದೆಹಲಿಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡ ಸಂಶೋಧಕರು ದಿನವೂ ನೋಡುವ ನದಿ ಯಮುನೆ; ಅದರ ಸ್ಥಿತಿಯನ್ನು ಕನ್ನಡದಲ್ಲಿ ಹೇಳಲು ಬೇಕಾದ ಮಾತುಗಳು ನಮ್ಮಲ್ಲಿ ಇರಬೇಕು. ಎರಡನೆಯದಾಗಿ, ಕನ್ನಡಕ್ಕೆ ಈ ಮಾತುಗಳು ಹೊಸವೇನಲ್ಲ. ನೀರನ್ನು ಬಿಡುವ ತೂಬು, ಹೆಚ್ಚಿನ ನೀರು ಹೊರಬೀಳುವ ಕೋಡಿ, ನೀರು ಬಿಡುವ ಹೊಣೆ ಹೊತ್ತ ನೀರುಗಂಟಿ, ಕೆರೆಯ ಕೆಲಸಕ್ಕಾಗಿ ಬಿಟ್ಟ ಭೂಮಿಯಾದ ಬಿತ್ತುವಟ್ಟ, ಇವೆಲ್ಲವೂ ನೀರಿನ ನಿರ್ವಹಣೆಯನ್ನು ಒಂದು ಹೊಣೆಗಾರಿಕೆಯನ್ನಾಗಿ ಕಂಡ ಸಮಾಜದ ಪದಗಳು. ಇಂದಿನ ಸ್ಥಾವರದಲ್ಲಿಯೂ ತೂಬು ಇದೆ, ಕೋಡಿ ಇದೆ, ನೀರುಗಂಟಿಯೂ ಇದ್ದಾನೆ. ಅವರ ಹೆಸರುಗಳು ಮಾತ್ರ ಬದಲಾಗಿವೆ.

2. ಫರೀದಾಬಾದ್ ಮತ್ತು ಯಮುನೆ

ಫರೀದಾಬಾದ್ ದೆಹಲಿಯ ದಕ್ಷಿಣಕ್ಕೆ ಹೊಂದಿಕೊಂಡಂತಿರುವ ಹರಿಯಾಣದ ಕೈಗಾರಿಕಾ ನಗರ. ಜಹಾಂಗೀರನ ಕಾಲದ ಶೇಖ್ ಫರೀದನ ಹೆಸರನ್ನು ಹೊತ್ತ ಈ ಹಳೆಯ ಊರಿನ ಪಕ್ಕದಲ್ಲಿ, ದೇಶವಿಭಜನೆಯ ತರುವಾಯ ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗಾಗಿ ಹೊಸ ಪಟ್ಟಣವೊಂದು ಕಟ್ಟಲ್ಪಟ್ಟಿತು. 1979ರಲ್ಲಿ ಇದು ಪ್ರತ್ಯೇಕ ಜಿಲ್ಲೆಯಾಯಿತು. ಯಂತ್ರೋಪಕರಣಗಳ ತಯಾರಿಕೆ, ಲೋಹಲೇಪನ, ಬಟ್ಟೆಗೆ ಬಣ್ಣ ಹಾಕುವುದು ಮೊದಲಾದ ಉದ್ಯಮಗಳು ಇಲ್ಲಿ ಬೆಳೆದಿವೆ. ನಗರದ ಕೊಳಚೆ ನೀರು ಬುಢಿಯಾ, ಗೌಂಛಿ ಮುಂತಾದ ನಾಲೆಗಳ ಮೂಲಕ ಯಮುನೆಯ ಕಡೆಗೆ ಸಾಗುತ್ತದೆ.

ಜಪಾನಿನ ನೆರವಿನಿಂದ 1993ರಲ್ಲಿ ಆರಂಭವಾದ ಯಮುನಾ ಕ್ರಿಯಾ ಯೋಜನೆಯ ಮೊದಲ ಹಂತದಲ್ಲಿ ಹರಿಯಾಣದ ಇತರ ನಗರಗಳೊಂದಿಗೆ ಫರೀದಾಬಾದ್ ಕೂಡ ಸೇರಿತ್ತು. ನಗರವನ್ನು ಮೂರು ವಲಯಗಳಾಗಿ ವಿಂಗಡಿಸಿ, ದಿನಕ್ಕೆ ಅನುಕ್ರಮವಾಗಿ 20, 45 ಮತ್ತು 50 ದಶಲಕ್ಷ ಲೀಟರ್ ಸಾಮರ್ಥ್ಯದ ಮೂರು ಸ್ಥಾವರಗಳನ್ನು ಕಟ್ಟಲಾಯಿತು. ಬಾದಶಾಹಪುರ್, ಮಿರ್ಜಾಪುರ್ ಮತ್ತು ಪ್ರತಾಪಗಢ್ ಎಂಬ ಹಳ್ಳಿಗಳ ಹೆಸರಿನಿಂದ ಇವು ಪರಿಚಿತವಾಗಿವೆ. ನಗರ ಬೆಳೆದಂತೆ ಈ ಸಾಮರ್ಥ್ಯ ಸಾಲದಾಗಿ, ಅನಂತರದ ವರ್ಷಗಳಲ್ಲಿ ಅದನ್ನು ಹೆಚ್ಚಿಸುವ ಮತ್ತು ಶುದ್ಧೀಕರಣದ ಪದ್ಧತಿಯನ್ನು ಬದಲಿಸುವ ಕೆಲಸಗಳು ನಡೆದವು.

ಇಲ್ಲಿಯ ಯಮುನೆಯ ವಿಶಿಷ್ಟ ಸ್ಥಿತಿಯನ್ನು ಗಮನಿಸದೆ ಮುಂದಿನ ಚರ್ಚೆ ಸಾಧ್ಯವಿಲ್ಲ. 1376 ಕಿಲೋಮೀಟರ್ ಉದ್ದದ ಈ ನದಿ ದೆಹಲಿಯ ವಜೀರಾಬಾದಿನಿಂದ ಓಖ್ಲಾದವರೆಗೆ ಹರಿಯುವುದು ಕೇವಲ 22 ಕಿಲೋಮೀಟರ್. ಬೇಸಿಗೆಯ ತಿಂಗಳುಗಳಲ್ಲಿ ವಜೀರಾಬಾದಿನ ಕೆಳಗೆ ಹಿಮಾಲಯದ ನೀರು ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಹರಿಯುವುದು ಬಹುಪಾಲು ನಗರದ ನಾಲೆಗಳ ನೀರೇ. ಓಖ್ಲಾದ ಬಳಿ ಅದರ ಒಂದು ಭಾಗವನ್ನು 1874ರಲ್ಲಿ ಆರಂಭವಾದ ಆಗ್ರಾ ಕಾಲುವೆ ಸೆಳೆದುಕೊಳ್ಳುತ್ತದೆ. ಓಖ್ಲಾದ ಕೆಳಗೆ ಶಾಹದರಾ ನಾಲೆ ಬಂದು ಸೇರುತ್ತದೆ. ಹೀಗೆ ಫರೀದಾಬಾದನ್ನು ತಲುಪುವ ಹೊತ್ತಿಗೆ ನದಿ ಮೊದಲೇ ಬಳಲಿರುತ್ತದೆ. ಫರೀದಾಬಾದಿನ ಸ್ಥಾವರವೊಂದರಿಂದ ಕೊಳಚೆ ಹರಿದರೆ ಅದು ಬೀಳುವುದು ಶುದ್ಧ ನದಿಗಲ್ಲ. ಪರಿಶೀಲಕನ ಎಲ್ಲ ಕಷ್ಟಗಳೂ ಇಲ್ಲಿಂದಲೇ ಮೊದಲಾಗುತ್ತವೆ.

3. ಸ್ಥಾವರದ ಒಳಗೆ

ಸ್ಥಾವರದ ಕೆಲಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಒಳಚರಂಡಿಯಿಂದ ಬಂದ ನೀರು ಮೊದಲು ಪಂಪಿನ ಬಾವಿಗೆ ಬೀಳುತ್ತದೆ. ಸರಳಿನ ಜಾಲರಿಯಲ್ಲಿ ಚಿಂದಿ, ಪ್ಲಾಸ್ಟಿಕ್ ಮುಂತಾದವು ಉಳಿಯುತ್ತವೆ. ಅನಂತರದ ತೊಟ್ಟಿಯಲ್ಲಿ ಮರಳು ತಳಕ್ಕಿಳಿಯುತ್ತದೆ. ಆಮೇಲೆ ನೀರು ಸೂಕ್ಷ್ಮಜೀವಿಗಳ ವಶವಾಗುತ್ತದೆ. ಗಾಳಿ ಊದುವ ತೊಟ್ಟಿಯಲ್ಲಿ ಕೋಟ್ಯಂತರ ಜೀವಿಗಳು ಕಂದುಬಣ್ಣದ ಕೆಸರಾಗಿ ತೇಲುತ್ತ ಕೊಳಚೆಯನ್ನು ಆಹಾರವಾಗಿ ತಿನ್ನುತ್ತವೆ. ಕೊನೆಯ ತೊಟ್ಟಿಯಲ್ಲಿ ಆ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ. ಜೀವಂತ ಕೆಸರಿನ ಈ ಪದ್ಧತಿಯನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಪ್ರಕಟಪಡಿಸಿದರು. ಫರೀದಾಬಾದಿನಲ್ಲಿ ಮೊದಲು ಕಟ್ಟಿದವು ಇದಕ್ಕಿಂತ ಭಿನ್ನವಾದವು. ನೆದರ್ಲೆಂಡ್ಸಿನ ಲೆಟಿಂಗಾ 1970ರ ದಶಕದಲ್ಲಿ ರೂಪಿಸಿದ ಪದ್ಧತಿಯಂತೆ ಅಲ್ಲಿ ಕೊಳಚೆ ನೀರು ತಳದಿಂದ ಮೇಲಕ್ಕೆ, ಗಾಳಿಯ ಸಂಪರ್ಕವಿಲ್ಲದೆ, ಕೆಸರಿನ ಪದರವೊಂದನ್ನು ಹಾದು ಏರುತ್ತಿತ್ತು. ವಿದ್ಯುತ್ತಿನ ಖರ್ಚು ಕಡಿಮೆ ಎಂಬುದು ಇದರ ಗುಣ. ಕೆಸರಿನ ಪದರ ಒಮ್ಮೆ ಕೊಚ್ಚಿಹೋದರೆ ಮತ್ತೆ ಬೆಳೆಯಲು ತಿಂಗಳುಗಳೇ ಬೇಕೆಂಬುದು ದೋಷ.

ಇಂತಹ ಸ್ಥಾವರದಿಂದ ಅಶುದ್ಧ ನೀರು ಹೊರಬೀಳುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಪಂಪು ನಿಂತೋ ಮಳೆ ಹೆಚ್ಚಿಯೋ ನೀರು ಒಳಗೇ ಬಾರದೆ ಬೈಪಾಸ್ ಕಾಲುವೆಯ ಮೂಲಕ ನೇರವಾಗಿ ನದಿಗೆ ಹೋಗುವುದು. ಇದನ್ನು ಸ್ಥಾವರ ಕೋಡಿ ಬಿದ್ದಿತು ಎನ್ನಬಹುದು. ಎರಡನೆಯದು, ನೀರಿನ ರಭಸಕ್ಕೆ ಕೆಸರೇ ಕೊಚ್ಚಿಕೊಂಡು ಹೊರಹೋಗುವುದು. ಮೂರನೆಯದು, ಕಾರ್ಖಾನೆಯೊಂದು ಒಳಚರಂಡಿಗೆ ಬಿಟ್ಟ ವಿಷದಿಂದ ಸೂಕ್ಷ್ಮಜೀವಿಗಳು ಸತ್ತು, ನೀರು ತೊಟ್ಟಿಗಳನ್ನೆಲ್ಲ ಕ್ರಮವಾಗಿ ದಾಟಿಯೂ ಅಶುದ್ಧವಾಗಿಯೇ ಹೊರಬರುವುದು. ಮೂರನೆಯ ಸಂದರ್ಭದಲ್ಲಿ ಸ್ಥಾವರವೇ ಪೀಡಿತ, ಅಪರಾಧಿ ಬೇರೆಲ್ಲೋ ಇದ್ದಾನೆ. ಲೋಹಲೇಪನದ ಘಟಕಗಳಿರುವ ಫರೀದಾಬಾದಿನಂತಹ ನಗರದಲ್ಲಿ ಈ ಸಾಧ್ಯತೆಯನ್ನು ಮರೆಯುವಂತಿಲ್ಲ.

ದೊಡ್ಡ ಅವಘಡಕ್ಕೆ ದೊಡ್ಡ ಕಾರಣವೇ ಇರಬೇಕೆಂಬ ನಿಯಮವಿಲ್ಲ. 2017ರ ಫೆಬ್ರವರಿ 9ರಂದು ಅಮೆರಿಕದ ಸಿಯಾಟಲ್ ನಗರದ ವೆಸ್ಟ್ ಪಾಯಿಂಟ್ ಸ್ಥಾವರ ಮಳೆಯ ರಾತ್ರಿ ಜಲಾವೃತವಾಯಿತು. ವಿದ್ಯುತ್ತಿನ ವ್ಯತ್ಯಯದಿಂದ ಹೊರಕ್ಕೆ ನೀರೆತ್ತುವ ಪಂಪುಗಳು ನಿಂತವು. ನೀರಿನ ಮಟ್ಟ ಏರಿದಾಗ ಒಳಬರುವ ನೀರನ್ನು ತಡೆಯಬೇಕಿದ್ದ ಫ್ಲೋಟ್ ಸ್ವಿಚ್ಚುಗಳು ಕೆಲಸ ಮಾಡಲಿಲ್ಲ. ಕಡಲಿಗೆ ಕೊಳಚೆ ಹರಿದದ್ದಷ್ಟೇ ಅಲ್ಲದೆ ಸ್ಥಾವರ ಪೂರ್ಣವಾಗಿ ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿದವು. 2019ರ ಜುಲೈ 3ರಂದು ಪ್ಯಾರಿಸ್ಸಿನ ಬಳಿಯ ಸೇನ್ ಅವಾಲ್ ಸ್ಥಾವರದ ಒಂದು ಘಟಕ ಬೆಂಕಿಗೆ ಆಹುತಿಯಾಗಿ, ಸೇನ್ ನದಿಯಲ್ಲಿ ಮೀನುಗಳು ಟನ್ನುಗಟ್ಟಲೆ ಸತ್ತವು.

4. ನದಿಯ ದಂಡೆಯಲ್ಲಿ ಮೊದಲ ಗಂಟೆಗಳು

ಪರಿಶೀಲನೆಯ ಮೊದಲ ಶತ್ರು ಕಾಲ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿಯುವ ನದಿ ಒಂದು ದಿನದಲ್ಲಿ 43 ಕಿಲೋಮೀಟರ್ ಸಾಗುತ್ತದೆ. ಮರುದಿನ ಬೆಳಿಗ್ಗೆ ದಂಡೆಗೆ ಬಂದ ಅಧಿಕಾರಿ ಸ್ಥಾವರದ ಎದುರಿನಲ್ಲಿ ತುಂಬಿಕೊಳ್ಳುವ ನೀರು ಘಟನೆ ಮುಗಿದ ಅನಂತರ ಬಂದ ನೀರಾಗಿರುತ್ತದೆ. ಸಾಕ್ಷಿಯಾಗಬೇಕಿದ್ದ ನೀರು ಆ ಹೊತ್ತಿಗೆ ಬೇರೊಂದು ಜಿಲ್ಲೆಯಲ್ಲಿರುತ್ತದೆ. ಆದುದರಿಂದ ಹರಿವಿನ ವೇಗವನ್ನು ಲೆಕ್ಕಹಾಕಿ, ಆ ನೀರನ್ನೇ ಹಿಂಬಾಲಿಸಿ ಮಾದರಿಗಳನ್ನು ತೆಗೆಯಬೇಕು. ಸ್ಥಾವರದ ಮೇಲ್ಭಾಗದಲ್ಲಿ ಒಂದು, ನೀರು ಬೀಳುವ ಬಾಯಿಯಲ್ಲಿ ಒಂದು, ಕೆಳಭಾಗದಲ್ಲಿ ಕ್ರಮವಾದ ದೂರಗಳಲ್ಲಿ ಕೆಲವು, ಹೀಗೆ ಮಾದರಿಗಳು ಬೇಕು. ಇವುಗಳಲ್ಲಿ ಮೇಲ್ಭಾಗದ ಮಾದರಿಯೇ ಅತ್ಯಂತ ಮುಖ್ಯ. ನದಿ ಮೊದಲೇ ಕೆಟ್ಟಿತ್ತು ಎಂಬ ವಾದಕ್ಕೆ ಉತ್ತರ ದೊರೆಯುವುದು ಅದರಲ್ಲಿ ಮಾತ್ರ.

ಅಳೆಯಬೇಕಾದವುಗಳಲ್ಲಿ ಮೊದಲನೆಯದು ನೀರಿನಲ್ಲಿ ಕರಗಿದ ಆಮ್ಲಜನಕ. 30 ಡಿಗ್ರಿ ಉಷ್ಣತೆಯ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ 5 ಮಿಲಿಗ್ರಾಮಿಗೆ ಕಡಿಮೆಯಿರಬಾರದೆಂಬುದು ನಮ್ಮ ದೇಶದ ಮಾನದಂಡ. ಹಂಗೇರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ವಿಧಾನದಲ್ಲಿ ಗಾಳಿಯ ಗುಳ್ಳೆ ಸೇರದಂತೆ ಸೀಸೆಯನ್ನು ತುಂಬಿ, ದಂಡೆಯಲ್ಲಿಯೇ ರಾಸಾಯನಿಕಗಳನ್ನು ಬೆರೆಸಿ ಆಮ್ಲಜನಕವನ್ನು ಬಂಧಿಸಬೇಕು. ಸೀಸೆಯನ್ನು ಹಾಗೆಯೇ ಪ್ರಯೋಗಾಲಯಕ್ಕೆ ಒಯ್ದರೆ ದಾರಿಯಲ್ಲಿಯೇ ಸಂಖ್ಯೆ ಬದಲಾಗುತ್ತದೆ. ಎರಡನೆಯದು ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ. ನಮ್ಮಲ್ಲಿ ಇದನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುವುದು ವಾಡಿಕೆ. ಮೂರು ದಿನಗಳ ಅನಂತರ ಬರುವ ಈ ಸಂಖ್ಯೆ ನ್ಯಾಯಾಲಯಕ್ಕೆ ಉಪಯುಕ್ತ. ಕೆಳಗಿನ ಊರಿನಲ್ಲಿ ಅಂದು ನೀರೆತ್ತಬೇಕೇ ಬೇಡವೇ ಎಂದು ನಿರ್ಧರಿಸಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ದಿನಕ್ಕೆ 45 ದಶಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರವೊಂದು ಆರು ಗಂಟೆಗಳ ಕಾಲ ಕೋಡಿ ಬಿದ್ದರೆ ಹೊರಹೋಗುವ ನೀರು 11,250 ಘನ ಮೀಟರ್. ಅದರ ಆಮ್ಲಜನಕ ಬೇಡಿಕೆ ಲೀಟರಿಗೆ 200 ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಟ್ಟು 2250 ಕಿಲೋಗ್ರಾಂ ಆಗುತ್ತದೆ. ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವಿರುವ ಶುದ್ಧ ನೀರು ತನ್ನಲ್ಲಿರುವುದನ್ನೆಲ್ಲ ಕೊಟ್ಟು ಇದನ್ನು ತೀರಿಸಬೇಕಾದರೆ ಸುಮಾರು 3 ಲಕ್ಷ 21 ಸಾವಿರ ಘನ ಮೀಟರ್ ನೀರು ಬೇಕು. 1912ರಲ್ಲಿ ಬ್ರಿಟನ್ನಿನ ರಾಯಲ್ ಆಯೋಗ ಶುದ್ಧೀಕರಿಸಿದ ನೀರಿಗೆ 20 ಮಿಲಿಗ್ರಾಮಿನ ಬೇಡಿಕೆಯ ಮಿತಿಯನ್ನು ಸೂಚಿಸಿದಾಗ, ನದಿಯಲ್ಲಿ ಅದರ ಎಂಟು ಪಟ್ಟು ಶುದ್ಧ ನೀರು ಇರುತ್ತದೆಂದು ಭಾವಿಸಿತ್ತು. ನಮ್ಮ ಕೇಂದ್ರ ಸರ್ಕಾರದ 2017ರ ಅಧಿಸೂಚನೆ ಮಹಾನಗರಗಳಿಗೆ 20, ಇತರೆಡೆಗೆ 30 ಮಿಲಿಗ್ರಾಮಿನ ಮಿತಿಯನ್ನು ಇಟ್ಟಿತು. ಬೇಸಿಗೆಯ ಯಮುನೆಯಲ್ಲಿ ಆ ಎಂಟು ಪಟ್ಟು ನೀರು ಎಲ್ಲಿದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಸ್ಥಾವರ ಸರಿಯಾಗಿ ನಡೆದಾಗಲೇ ಈ ಸ್ಥಿತಿಯಾದರೆ, ಅದು ತಪ್ಪಿದಾಗ ನದಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ.

ಮಾದರಿ ತೆಗೆಯುವುದು ವಿಜ್ಞಾನದ ಕೆಲಸವಾದಂತೆಯೇ ಕಾನೂನಿನ ಕೆಲಸವೂ ಹೌದು. 1974ರ ಜಲ ಮಾಲಿನ್ಯ ನಿವಾರಣಾ ಅಧಿನಿಯಮದ 21ನೆಯ ಕಲಮಿನ ಪ್ರಕಾರ, ಸ್ಥಾವರದಿಂದ ಹೊರಬರುವ ನೀರಿನ ಮಾದರಿ ತೆಗೆಯುವ ಅಧಿಕಾರಿ ವಿಶ್ಲೇಷಣೆಯ ಉದ್ದೇಶವನ್ನು ಆಗಲೇ ಅಲ್ಲಿಯೇ ನೋಟೀಸಿನ ಮೂಲಕ ತಿಳಿಸಬೇಕು. ಸ್ಥಾವರದವರ ಸಮಕ್ಷಮದಲ್ಲಿ ಮಾದರಿಯನ್ನು ಎರಡು ಭಾಗ ಮಾಡಬೇಕು. ಎರಡನ್ನೂ ಗುರುತು ಹಾಕಿ, ಮೊಹರು ಮಾಡಿ, ಎರಡೂ ಕಡೆಯವರು ಸಹಿ ಮಾಡಬೇಕು. ಈ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಎಷ್ಟೇ ನಿಖರವಾದ ವಿಶ್ಲೇಷಣೆ ಸಾಕ್ಷ್ಯವಾಗಿ ನಿಲ್ಲದೆಹೋಗಬಹುದು. 23ನೆಯ ಕಲಂ ಪರಿಶೀಲಕನಿಗೆ ಸ್ಥಾವರವನ್ನು ಪ್ರವೇಶಿಸುವ ಹಕ್ಕನ್ನು ಕೊಡುತ್ತದೆ. 31ನೆಯ ಕಲಂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು: ಅಪಘಾತದಿಂದಾಗಲಿ ಅನಿರೀಕ್ಷಿತ ಘಟನೆಯಿಂದಾಗಲಿ ಮಲಿನ ಪದಾರ್ಥ ನೀರಿಗೆ ಸೇರಿದರೆ ಅಥವಾ ಸೇರುವ ಸಂಭವವಿದ್ದರೆ, ಸ್ಥಳದ ಹೊಣೆಗಾರನು ಕೂಡಲೇ ರಾಜ್ಯ ಮಂಡಳಿಗೆ ತಿಳಿಸಬೇಕು. ಪರಿಶೀಲಕನು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಘಟನೆ ನಿಮಗೆ ತಿಳಿದದ್ದು ಯಾವಾಗ, ನೀವು ತಿಳಿಸಿದ್ದು ಯಾವಾಗ?

5. ಸ್ಥಾವರದ ಸಾಕ್ಷಿಗಳು

ನದಿ ತನ್ನ ಸಾಕ್ಷ್ಯವನ್ನು ಹೊತ್ತು ಮುಂದೆ ಹೋದ ಮೇಲೆ ಉಳಿಯುವುದು ಸ್ಥಾವರ. ಅಲ್ಲಿಯ ಸಾಕ್ಷಿಗಳನ್ನು ನಾವು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ತೂಬು, ಅಂದರೆ ಬೈಪಾಸ್ ಕಾಲುವೆಯ ಬಾಗಿಲು. ಅಪರೂಪಕ್ಕೆ ತೆರೆಯುವ ಬಾಗಿಲಿನ ತಿರುಪು ತುಕ್ಕು ಹಿಡಿದಿರುತ್ತದೆ, ಹಿಡಿಯ ಮೇಲೆ ಧೂಳಿರುತ್ತದೆ, ಕಾಲುವೆಯ ತಳದಲ್ಲಿ ಒಣಹುಲ್ಲು ಬೆಳೆದಿರುತ್ತದೆ. ನಿತ್ಯವೂ ತೆರೆಯುವ ಬಾಗಿಲಿನ ತಿರುಪು ಉಜ್ಜಿ ಹೊಳೆಯುತ್ತದೆ. ಕಾಲುವೆಯ ಗೋಡೆಯ ಮೇಲೆ ನೀರಿನ ಮಟ್ಟದ ಗೆರೆಗಳು ಒಂದರ ಮೇಲೊಂದು ಮೂಡಿರುತ್ತವೆ. ತಳದಲ್ಲಿ ಕರಿಯ ಹೂಳು ಪದರ ಪದರವಾಗಿ ಕೂತಿರುತ್ತದೆ. ಒಂದು ರಾತ್ರಿಯ ಆಕಸ್ಮಿಕದಿಂದ ಗೇಣುದ್ದದ ಹೂಳು ಕೂರುವುದಿಲ್ಲ.

ಎರಡನೆಯದು ಕೆಸರು. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಅಳತೆಪಾತ್ರೆಯಲ್ಲಿ ಮೂವತ್ತು ನಿಮಿಷ ಇಟ್ಟು ನೋಡಿದರೆ ಕೆಸರು ಎಷ್ಟು ಕೂರುತ್ತದೆ ಎಂಬುದು ತಿಳಿಯುತ್ತದೆ. ಆರೋಗ್ಯವಂತ ಕೆಸರು ಕಂದುಬಣ್ಣದ್ದು, ಮಣ್ಣಿನ ವಾಸನೆಯದು. ಬಹುಕಾಲ ಗಾಳಿಯಿಲ್ಲದೆ ಕೊಳೆತ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದ ಏಕಕೋಶಜೀವಿಗಳು ಒಮ್ಮೆಲೇ ಇಲ್ಲವಾಗಿದ್ದರೆ ವಿಷವನ್ನು ಸಂಶಯಿಸಬೇಕು. ಆಗ ಪರಿಶೀಲನೆ ಸ್ಥಾವರದ ಬೇಲಿಯನ್ನು ದಾಟಿ ಒಳಚರಂಡಿಯ ಜಾಡು ಹಿಡಿದು ಕಾರ್ಖಾನೆಗಳ ಕಡೆಗೆ ಸಾಗಬೇಕಾಗುತ್ತದೆ.

ಮೂರನೆಯದು ಲಿಖಿತ ದಾಖಲೆ. ಪ್ರತಿ ಪಾಳಿಯ ದಿನಚರಿ ಪುಸ್ತಕ, ಹರಿವಿನ ಮಾಪಕದ ಅಂಕಿ, ಪಂಪುಗಳ ಓಟದ ಗಂಟೆ, ಜನರೇಟರಿಗೆ ತಂದ ಡೀಸೆಲಿನ ರಸೀದಿ, ವಿದ್ಯುತ್ತಿನ ಬಿಲ್ಲು, ಕೆಸರನ್ನು ಹೊರಗೆ ಸಾಗಿಸಿದ ಲಾರಿಗಳ ಲೆಕ್ಕ ಇವೆಲ್ಲ ಇದರಲ್ಲಿ ಸೇರುತ್ತವೆ. ಹಸ್ತಪ್ರತಿಗಳೊಡನೆ ಬಾಳಿದ ನಮಗೆ ಇಲ್ಲಿ ಒಂದು ಮಾತನ್ನು ಹೇಳುವ ಅಧಿಕಾರವಿದೆಯೆಂದು ಭಾವಿಸುತ್ತೇವೆ. ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳು ಒಂದೇ ಪಾಠವನ್ನು ಹೇಳಿದರೂ ಅವು ಹತ್ತು ಸಾಕ್ಷಿಗಳಾಗುವುದಿಲ್ಲ, ಒಂದೇ ಸಾಕ್ಷಿ. ದಿನಚರಿ ಪುಸ್ತಕ, ಅದನ್ನು ನೋಡಿ ಬರೆದ ಮಾಸಿಕ ವರದಿ, ಅದನ್ನು ನೋಡಿ ಬರೆದ ವಾರ್ಷಿಕ ವರದಿ ಮೂರೂ ಪರಸ್ಪರ ಒಪ್ಪುತ್ತವೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಬೇರೊಂದು ಮೂಲದಿಂದ ಬಂದ ಸಾಕ್ಷಿ ಬೇಕು. ವಿದ್ಯುತ್ತಿನ ಬಿಲ್ಲು ಅಂತಹುದು. ಅದನ್ನು ಬರೆಯುವವರು ಸ್ಥಾವರದವರಲ್ಲ. ಜೀವಂತ ಕೆಸರಿನ ಸ್ಥಾವರದಲ್ಲಿ ವಿದ್ಯುತ್ತಿನ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಗಾಳಿ ಊದುವುದಕ್ಕೇ ಹೋಗುತ್ತದೆ. ಬ್ಲೋವರುಗಳು ಇಡೀ ತಿಂಗಳು ನಡೆದವೆಂದು ಪುಸ್ತಕ ಹೇಳುತ್ತಿದ್ದು, ಬಿಲ್ಲು ಅದಕ್ಕೆ ತಕ್ಕಷ್ಟಿಲ್ಲದಿದ್ದರೆ ಪುಸ್ತಕದ ಪಾಠವನ್ನು ಕೈಬಿಡಬೇಕಾಗುತ್ತದೆ. ಕೆಸರಿನ ಲೆಕ್ಕವೂ ಹೀಗೆಯೇ. ನೀರು ಶುದ್ಧಿಯಾದರೆ ಕೆಸರು ಹುಟ್ಟಲೇಬೇಕು. ತಿಂಗಳುಗಟ್ಟಲೆ ಲಾರಿಗಳು ಹೊರಗೆ ಹೋಗಿಲ್ಲ, ಒಣಗಿಸುವ ಅಂಕಣಗಳು ಬರಿದಾಗಿವೆ ಎಂದಾದರೆ ಆ ಕೆಸರು ನದಿಯ ದಾರಿಯನ್ನು ಹಿಡಿದಿರಬೇಕು. ಮೂರು ಪಾಳಿಗಳ ಬರಹ ಒಂದೇ ಕೈಯದಾಗಿ, ಒಂದೇ ಶಾಯಿಯದಾಗಿ, ಅಂಕಿಗಳು ದಿನದಿಂದ ದಿನಕ್ಕೆ ಬದಲಾಗದೆ ಇದ್ದರೆ, ಅದು ಅಳೆದು ಬರೆದ ದಾಖಲೆಯಲ್ಲ, ಪ್ರತಿಕಾರನ ಕೆಲಸ.

ನಾಲ್ಕನೆಯ ಸಾಕ್ಷಿ ಮನುಷ್ಯ. ರಾತ್ರಿಪಾಳಿಯಲ್ಲಿದ್ದ ಪಂಪಿನ ಕೆಲಸಗಾರನೇ ಇಂದಿನ ನೀರುಗಂಟಿ. ಯಾವ ಶಬ್ದ ಕೇಳಿತು, ಯಾವ ದೀಪ ಆರಿತು, ಬಾಗಿಲನ್ನು ತೆರೆಯಲು ಹೇಳಿದವರು ಯಾರು ಎಂಬುದನ್ನು ಬಲ್ಲವನು ಆತ. ಬಹುಪಾಲು ಗುತ್ತಿಗೆಯ ಕೆಲಸಗಾರನಾದ ಈತ ಮೇಲಧಿಕಾರಿಯ ಎದುರಿನಲ್ಲಿ ಮಾತನಾಡಲಾರ. ಆತನನ್ನು ಪ್ರತ್ಯೇಕವಾಗಿ, ಆತನ ಭಾಷೆಯಲ್ಲಿ, ದೋಷಾರೋಪಣೆಯ ಧಾಟಿಯಿಲ್ಲದೆ ಕೇಳುವುದು ಅಗತ್ಯ. ಅನೇಕ ವರದಿಗಳಲ್ಲಿ 'ಮಾನವ ದೋಷ' ಎಂಬ ನಿರ್ಣಯ ಆತನ ತಲೆಯ ಮೇಲೆಯೇ ಬೀಳುತ್ತದೆ. ಕೆಟ್ಟ ಪಂಪಿಗೆ ಬದಲಿ ಪಂಪು ಏಕೆ ಇರಲಿಲ್ಲ, ಜನರೇಟರಿನಲ್ಲಿ ಡೀಸೆಲು ಏಕೆ ಇರಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಬೇರೆ.

6. ಮಹಜರಿಗೆ ಹೋದವರ ಅಪಾಯ

ಅವಘಡ ನಡೆದ ಸ್ಥಾವರ ಸುರಕ್ಷಿತ ಸ್ಥಳವಲ್ಲ. 2023ರ ಜುಲೈ 19ರಂದು ಉತ್ತರಾಖಂಡದ ಚಮೋಲಿಯಲ್ಲಿ ಅಲಕನಂದೆಯ ದಂಡೆಯ ಸ್ಥಾವರವೊಂದರಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ರಾತ್ರಿ ಅಲ್ಲಿ ಒಬ್ಬ ಕೆಲಸಗಾರ ಸತ್ತಿದ್ದ. ಬೆಳಿಗ್ಗೆ ಅದರ ಮಹಜರಿಗಾಗಿ ಬಂದಿದ್ದ ಪೊಲೀಸರು ಮತ್ತು ಸೇರಿದ್ದ ಊರವರು ನಿಂತಿದ್ದ ಕಬ್ಬಿಣದ ಕಟಕಟೆಯಲ್ಲಿ ವಿದ್ಯುತ್ತು ಹರಿಯಿತು. ಒಟ್ಟು 16 ಮಂದಿ ಪ್ರಾಣ ಕಳೆದುಕೊಂಡರು. ಮೊದಲ ಸಾವಿನ ಕಾರಣವನ್ನು ತಿಳಿಯುವ ಮುನ್ನವೇ ಸ್ಥಳಕ್ಕೆ ಜನರನ್ನು ಬಿಟ್ಟದ್ದರ ಬೆಲೆ ಇದು. ವಿದ್ಯುತ್ತನ್ನು ಕಡಿದು, ಕಡಿದುದನ್ನು ಪರೀಕ್ಷಿಸಿ, ಅನಂತರವೇ ಒಳಗೆ ಅಡಿಯಿಡಬೇಕೆಂಬುದು ಪರಿಶೀಲನೆಯ ಮೊದಲ ನಿಯಮವಾಗಬೇಕು.

ಎರಡನೆಯ ಅಪಾಯ ಕಣ್ಣಿಗೆ ಕಾಣದ ಗಾಳಿಯದು. ಕೊಳೆತ ಕೆಸರಿನಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಕೆಟ್ಟ ವಾಸನೆಯಿಂದ ಎಚ್ಚರಿಸುತ್ತದೆ. ಹತ್ತು ಲಕ್ಷದಲ್ಲಿ ನೂರು ಭಾಗದ ಹೊತ್ತಿಗೆ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಅದಕ್ಕಿಂತ ಹಲವು ಪಟ್ಟು ಹೆಚ್ಚಿದಾಗ ಕೊಲ್ಲುತ್ತದೆ. ವಾಸನೆ ನಿಂತಿತೆಂದು ಇಳಿದವನು ಮತ್ತೆ ಮೇಲೆ ಬರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಫರೀದಾಬಾದಿನಲ್ಲಿಯೇ ಖಾಸಗಿ ಆಸ್ಪತ್ರೆಯೊಂದರ ಕೊಳಚೆ ಗುಂಡಿಗೆ ಇಳಿದ ನಾಲ್ವರು ಸಫಾಯಿ ಕೆಲಸಗಾರರು ಸತ್ತರು. ಇಂತಹ ಕೆಲಸಕ್ಕೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಅಧಿನಿಯಮ ನಿಷೇಧಿಸಿದೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ, ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ದಶಕಗಳಿಂದ ಎತ್ತುತ್ತಿರುವ ಪ್ರಶ್ನೆಯೂ ಇದೇ. ಮುಚ್ಚಿಹೋದ ಜಾಲರಿಯನ್ನು ತೆರವು ಮಾಡಲು ಆ ರಾತ್ರಿ ಯಾರನ್ನು, ಯಾವ ರಕ್ಷಣೆಯೊಂದಿಗೆ ಇಳಿಸಲಾಯಿತು ಎಂಬುದು ಪರಿಶೀಲನಾ ವರದಿಯಲ್ಲಿ ಇರಲೇಬೇಕಾದ ಸಂಗತಿ.

7. ಗಡಿಯ ದೋಷ

ಕಡಪ ಸೀಮೆಯ ಪೋರುಮಾಮಿಳ್ಳದ ಕೆರೆಯ ಶಾಸನ 1369ರದು. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯನ್ನು ಕುರಿತ ಈ ಸಂಸ್ಕೃತ ಶಾಸನ, ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಕಟ್ಟೆಯಲ್ಲಿ ನೀರು ಸೋರುವುದು, ನೆಲ ಚೌಳಾಗಿರುವುದು ಮುಂತಾದವುಗಳ ಜೊತೆಯಲ್ಲಿ, ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಅದು ಒಂದು ದೋಷವೆಂದು ಹೇಳುತ್ತದೆ. ಉಳಿದವು ಮಣ್ಣಿಗೂ ನೀರಿಗೂ ಸಂಬಂಧಿಸಿದ ದೋಷಗಳಾಗಿದ್ದರೆ ಇದೊಂದು ಆಡಳಿತದ ದೋಷ. ಗಡಿಯ ನೀರಿಗೆ ಒಡೆಯರು ಇಬ್ಬರಾದರೆ ಹೊಣೆಗಾರರು ಯಾರೂ ಇರುವುದಿಲ್ಲ ಎಂಬ ಅನುಭವ ಇದರ ಹಿಂದೆ ಇರಬೇಕೆಂದು ನಾವು ಊಹಿಸುತ್ತೇವೆ.

ಫರೀದಾಬಾದಿನ ಯಮುನೆ ಈ ದೋಷಕ್ಕೆ ಒಂದು ಸ್ಪಷ್ಟ ನಿದರ್ಶನ. ಮೇಲ್ಗಡೆ ದೆಹಲಿ, ಬಲದಂಡೆಯಲ್ಲಿ ಹರಿಯಾಣ, ಎಡದಂಡೆಯಲ್ಲಿ ಉತ್ತರ ಪ್ರದೇಶ. ನಗರದೊಳಗೇ ಹಾದುಹೋಗುವ ಆಗ್ರಾ ಕಾಲುವೆಯ ಆಡಳಿತ ಉತ್ತರ ಪ್ರದೇಶದ ನೀರಾವರಿ ಇಲಾಖೆಯದು. 1974ರ ಅಧಿನಿಯಮ ಮೊದಲಿಗೆ ಅನ್ವಯವಾದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಹರಿಯಾಣವೂ ಇದ್ದವು; ಉತ್ತರ ಪ್ರದೇಶ ಆ ಪಟ್ಟಿಯಲ್ಲಿರಲಿಲ್ಲ, ಅನಂತರ ಸೇರಿತು. ಒಂದೇ ನದಿಯ ಎರಡು ದಂಡೆಗಳಿಗೆ ಎರಡು ಮಂಡಳಿಗಳು. ಸ್ಥಾವರದ ಪರಿಶೀಲನೆ ಹರಿಯಾಣದ ಮಂಡಳಿಯದು. ಕೆಳಗೆ ಮಥುರಾ, ಆಗ್ರಾಗಳಲ್ಲಿ ಆ ನೀರನ್ನು ಎದುರುಗೊಳ್ಳುವವರು ಇನ್ನೊಂದು ರಾಜ್ಯದ ಜನ. ಮಂಡಳಿಗಳ ಕೆಲಸವನ್ನು ಹೊಂದಿಸುವ, ಅವುಗಳ ನಡುವಿನ ವಿವಾದವನ್ನು ಬಗೆಹರಿಸುವ ಕರ್ತವ್ಯವನ್ನು ಅಧಿನಿಯಮದ 16ನೆಯ ಕಲಂ ಕೇಂದ್ರ ಮಂಡಳಿಗೆ ವಹಿಸಿದೆ. ಆದರೆ ವಿವಾದವನ್ನು ಬಗೆಹರಿಸುವುದು ಬೇರೆ, ಅದೇ ರಾತ್ರಿ ಕೆಳಗಿನ ಊರಿಗೆ ಸುದ್ದಿ ಮುಟ್ಟಿಸುವುದು ಬೇರೆ.

ಇದು ಉತ್ತರದೇಶದ ಸಮಸ್ಯೆ ಮಾತ್ರವಲ್ಲ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ತಮಿಳುನಾಡಿನ ಹೊಸೂರಿನ ಬಳಿ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಏಳುತ್ತದೆ. ಅಲ್ಲಿ ಮೇಲ್ಗಡೆಯವರು ನಾವೇ. ಯಮುನೆಯ ದಂಡೆಯಲ್ಲಿ ನಿಂತು ಹರಿಯಾಣವನ್ನು ಕೇಳುವ ಪ್ರಶ್ನೆಗೆ ಕನ್ನಡಿಗರಾಗಿ ನಾವೂ ಉತ್ತರಿಸಬೇಕಾಗಿದೆ.

ಇದಕ್ಕೆ ಭಿನ್ನವಾದ ಒಂದು ಉದಾಹರಣೆಯನ್ನು ಕೊಡಬಹುದು. 2019ರ ಆಗಸ್ಟ್ ಕೊನೆಯಲ್ಲಿ ಪೋಲೆಂಡಿನ ವಾರ್ಸಾ ನಗರದ ಚೈಕಾ ಸ್ಥಾವರಕ್ಕೆ ವಿಸ್ತುಲಾ ನದಿಯ ಅಡಿಯಿಂದ ಕೊಳಚೆಯನ್ನು ಒಯ್ಯುತ್ತಿದ್ದ ಕೊಳವೆಗಳು ಕೆಟ್ಟು, ಕೊಳಚೆಯನ್ನು ನದಿಗೆ ಬಿಡಬೇಕಾಯಿತು. ಸೈನ್ಯ ತೇಲುಸೇತುವೆಯೊಂದನ್ನು ಕಟ್ಟಿ, ಅದರ ಮೇಲೆ ತಾತ್ಕಾಲಿಕ ಕೊಳವೆಯನ್ನು ಹಾಕಿ ಹರಿವನ್ನು ನಿಲ್ಲಿಸಿತು. ಆದರೂ ಸರಿಯಾಗಿ ಒಂದು ವರ್ಷದ ಅನಂತರ, 2020ರ ಆಗಸ್ಟಿನಲ್ಲಿ, ಅದೇ ವ್ಯವಸ್ಥೆ ಮತ್ತೆ ಕೆಟ್ಟಿತು. ತ್ವರಿತವಾದ ದುರಸ್ತಿ ಎಷ್ಟೇ ಶ್ಲಾಘ್ಯವಾದರೂ ಮೂಲಕಾರಣ ಉಳಿದರೆ ಘಟನೆ ಮರುಕಳಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಮುಖ್ಯ ಅಂಶ ಇದು. ಪರಿಶೀಲನೆಯ ಗುರಿ ಎಷ್ಟು ನೀರು ಹರಿಯಿತು ಎಂಬುದನ್ನು ಅಳೆಯುವುದಷ್ಟೇ ಅಲ್ಲ. ನಡೆದದ್ದು ಆಕಸ್ಮಿಕವೋ ಅಭ್ಯಾಸವೋ ಎಂಬುದನ್ನು ಬೇರ್ಪಡಿಸುವುದು. ತೂಬಿನ ತಿರುಪು, ಕಾಲುವೆಯ ಹೂಳು, ವಿದ್ಯುತ್ತಿನ ಬಿಲ್ಲು, ಕೆಸರಿನ ಲೆಕ್ಕ ಇವು ಈ ಭೇದವನ್ನು ಹೇಳಬಲ್ಲವು. ಆಕಸ್ಮಿಕವಾದರೆ ದುರಸ್ತಿ ಸಾಕು. ಅಭ್ಯಾಸವಾದರೆ ದುರಸ್ತಿಯಾಗಬೇಕಾದದ್ದು ಯಂತ್ರವಲ್ಲ. ಅಭ್ಯಾಸವನ್ನು ಆಕಸ್ಮಿಕವೆಂದು ಬರೆದ ವರದಿ ಮುಂದಿನ ಘಟನೆಗೆ ಕೊಟ್ಟ ಅನುಮತಿಯಾಗುತ್ತದೆ.

ಪರಿಶೀಲನೆ ಒಂದೇ ಭೇಟಿಯಿಂದ ಮುಗಿಯುವುದೂ ಅಲ್ಲ. ಸತ್ತ ಕೆಸರು ಮತ್ತೆ ಬೆಳೆಯಲು ವಾರಗಳು, ಕೆಲವು ಪದ್ಧತಿಗಳಲ್ಲಿ ತಿಂಗಳುಗಳು ಬೇಕು. ಪಂಪು ಸರಿಹೋದ ದಿನವೇ ನೀರು ಶುದ್ಧಿಯಾಗುವುದಿಲ್ಲ. ಆ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿ, ಮುನ್ಸೂಚನೆಯಿಲ್ಲದೆ ನೋಡಬೇಕು. ವರದಿ ಕೆಳಗಿನ ಊರುಗಳ ಭಾಷೆಯಲ್ಲಿ, ಅಲ್ಲಿಯ ಜನರಿಗೆ ಸಿಗುವಂತೆ ಪ್ರಕಟವಾಗಬೇಕು. ನಮ್ಮ ಹಳೆಯ ಶಾಸನಗಳು ಕೆರೆಯ ಏರಿಯ ಮೇಲೆ, ದೇವಾಲಯದ ಎದುರಿನಲ್ಲಿ, ನೀರನ್ನು ಬಳಸುವವರ ಕಣ್ಣಿಗೆ ಬೀಳುವ ಕಡೆಯಲ್ಲಿ ನಿಲ್ಲುತ್ತಿದ್ದವು. ನೀರಿನ ಹೊಣೆ ಯಾರದೆಂಬುದು ಅಲ್ಲಿ ಗುಟ್ಟಾಗಿರಲಿಲ್ಲ. ಸ್ಥಾವರಗಳ ಪರಿಶೀಲನಾ ವರದಿಗಳನ್ನು ಸಂಗ್ರಹಿಸಿ, ಅವುಗಳ ಪಾಠಗಳನ್ನು ಸ್ಥಳದ ಸಾಕ್ಷ್ಯದೊಡನೆ ತಾಳೆ ನೋಡುವ ಕೆಲಸವನ್ನು ಹೊರನಾಡಿನ ನಮ್ಮ ಸಂಶೋಧಕರಲ್ಲಿ ಕೆಲವರಾದರೂ ಕೈಗೆತ್ತಿಕೊಂಡರೆ, ಅದು ಶಾಸನಗಳನ್ನು ಓದುವ ವಿದ್ಯೆಗೆ ಹೊರತಾದ ಕೆಲಸವಾಗಲಾರದು ಎಂಬುದು ನಮ್ಮ ನಂಬಿಕೆ.